ಪವರ್ ಟಿಲ್ಲರ್ ಎತ್ತಿ ದುರಸ್ತಿ ಮಾಡಲು ಸ್ಥಳೀಯವಾಗಿ ನಿರ್ಮಿಸಬಹುದಾದ ಲಿಫ್ಟ್ ಚೌಕಟ್ಟು

ಮುಂಗಾರಿನ ಹದಮಳೆ ಬಿದ್ದ ಮರುದಿನ ಟಿಲ್ಲರ್ ಹೊರಡಿಸಬೇಕೆಂದಿರುವಾಗಲೇ ರೋಟರಿಯ ಬ್ಲೇಡುಗಳು ಸವೆದಿರುವುದು ಕಣ್ಣಿಗೆ ಬೀಳುತ್ತದೆ. ಮೆಕ್ಯಾನಿಕ್ ಬರುವುದು ಎರಡು ದಿನ ತಡ. ಹದ ಮೀರಿದರೆ ರಾಗಿ ಬಿತ್ತನೆ ಹಿಂದೆ ಬೀಳುತ್ತದೆ. ಆಗ ಮನೆಯಲ್ಲಿರುವ ಇಬ್ಬರು ಮೂವರು ಕೂಡಿ ಯಂತ್ರದ ಹಿಂಭಾಗವನ್ನು ಹಾರೆಯಿಂದ ಮೀಟಿ ಎತ್ತಿ, ಕೆಳಗೆ ಒಂದು ಸೈಜುಗಲ್ಲು, ಅದರ ಮೇಲೊಂದು ಮರದ ತುಂಡು ಕೊಟ್ಟು, ಒಬ್ಬರು ಮಣ್ಣಿನ ಮೇಲೆ ಮಲಗಿ ಸ್ಪ್ಯಾನರ್ ಹಿಡಿಯುತ್ತಾರೆ. ಗಟ್ಟಿಯಾಗಿ ಕಚ್ಚಿಕೊಂಡ ನಟ್ಟನ್ನು ಬಿಚ್ಚಲು ಕೊಡುವ ಒಂದೊಂದು ಎಳೆತವೂ ಆ ಕಲ್ಲನ್ನು ಅಲುಗಿಸುತ್ತಿರುತ್ತದೆ. ಹೆಬ್ಬಾಳದ ಸುತ್ತಣ ಯಲಹಂಕ, ದೊಡ್ಡಬಳ್ಳಾಪುರ, ದೇವನಹಳ್ಳಿ ಭಾಗದ ದ್ರಾಕ್ಷಿ ತೋಟಗಳಲ್ಲಾಗಲಿ, ಹಿಪ್ಪುನೇರಳೆ ತೋಟಗಳಲ್ಲಾಗಲಿ ಈ ದೃಶ್ಯ ಅಪರೂಪವಲ್ಲ.

ರೋಟರಿ ಸಹಿತವಾದ ಹದಿಮೂರು ಅಶ್ವಶಕ್ತಿಯ ಟಿಲ್ಲರಿನ ತೂಕ ಸುಮಾರು 400 ಕಿ.ಗ್ರಾಂ. ಅದರ ಅರ್ಧಭಾಗ ಎದೆಯ ಮೇಲೆ ಕುಸಿದರೂ ಉಸಿರಾಡಲು ಅವಕಾಶವಿರುವುದಿಲ್ಲ. ಆದುದರಿಂದ ಬ್ಲೇಡು ಬದಲಿಸುವುದು, ಟೈರು ಕಳಚಿ ಕೆಸರುಗದ್ದೆಗೆ ಕೇಜ್ ವೀಲ್ ತೊಡಿಸುವುದು, ಆಕ್ಸಲ್ಲಿನ ಆಯಿಲ್ ಸೀಲ್ ಬದಲಿಸುವುದು ಮುಂತಾದ ಕೆಲಸಗಳಿಗೆ ಯಂತ್ರವನ್ನು ಭದ್ರವಾಗಿ ಎತ್ತಿ ನಿಲ್ಲಿಸುವ ವ್ಯವಸ್ಥೆಯೊಂದು ಪ್ರತಿ ಊರಿನಲ್ಲಿಯೂ ಇರಬೇಕಾದುದು ಅವಶ್ಯಕ. ಹಿಮ ಬೀಳುವ ದೇಶಗಳ ರೈತರು ತಮ್ಮ ಸ್ನೋಮೊಬೈಲ್ ಮತ್ತು ನಾಲ್ಕು ಚಕ್ರದ ಎಟಿವಿ ಗಾಡಿಗಳಿಗಾಗಿ ಶೆಡ್ಡಿನಲ್ಲಿಯೇ ಇಂತಹ ಲಿಫ್ಟ್‌ಗಳನ್ನು ನಿರ್ಮಿಸಿಕೊಳ್ಳುತ್ತಾರೆ. ನಮ್ಮಲ್ಲಿ ಆ ಸ್ಥಾನದಲ್ಲಿರುವುದು ಟಿಲ್ಲರ್. 1967ರಲ್ಲಿ ಜಪಾನಿನ ಮಿತ್ಸುಬಿಷಿ ಸಂಸ್ಥೆಯ ಸಹಯೋಗದೊಂದಿಗೆ ಬೆಂಗಳೂರಿನಲ್ಲಿ ವಿ.ಎಸ್.ಟಿ. ಸಂಸ್ಥೆ ಆರಂಭವಾದಂದಿನಿಂದ ಈ ಯಂತ್ರ ನಮ್ಮ ಸಣ್ಣ ಹಿಡುವಳಿಗಳಿಗೆ ಒಗ್ಗಿಕೊಂಡಿದೆ. ಅದನ್ನು ಎತ್ತುವ ವಿಧಾನ ಮಾತ್ರ ಇನ್ನೂ ಹಾರೆ ಮತ್ತು ಕಲ್ಲಿನಲ್ಲಿಯೇ ಉಳಿದಿದೆ.

ಊರಿನ ವೆಲ್ಡಿಂಗ್ ಅಂಗಡಿಯಲ್ಲಿಯೇ ಸಿದ್ಧಪಡಿಸಬಹುದಾದ, 500 ಕಿ.ಗ್ರಾಂ ಭಾರದ ಮಿತಿಯುಳ್ಳ ಒಂದು ಚೌಕಟ್ಟಿನ ರಚನೆ, ಲೆಕ್ಕ ಮತ್ತು ಬಳಕೆಯ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಎತ್ತುವ ಸಾಧನ ಬೇರೆ, ಹೊರುವ ಸಾಧನ ಬೇರೆ

ವಿನ್ಯಾಸಕ್ಕೆ ಹೋಗುವ ಮೊದಲು ಒಂದು ವಿಷಯ ಮನದಟ್ಟಾಗಬೇಕು. ಜಾಕ್, ಚೈನ್ ಪುಲ್ಲಿ ಬ್ಲಾಕ್, ಟ್ರ್ಯಾಕ್ಟರಿನ ಹೈಡ್ರಾಲಿಕ್ ತೋಳು ಇವೆಲ್ಲವೂ ಎತ್ತುವ ಸಾಧನಗಳು. ಎತ್ತಿದ ಭಾರವನ್ನು ಮನುಷ್ಯನೊಬ್ಬ ಅದರ ಅಡಿಯಲ್ಲಿ ಕೆಲಸ ಮಾಡುವಷ್ಟು ಹೊತ್ತು ಹೊತ್ತು ನಿಲ್ಲುವುದು ಅವುಗಳ ಕೆಲಸವಲ್ಲ. ಬಾಟಲ್ ಜಾಕ್‌ನೊಳಗೆ ಭಾರವನ್ನು ಹಿಡಿದಿರುವುದು ಎಣ್ಣೆ. ಆ ಎಣ್ಣೆಯನ್ನು ಹಿಡಿದಿರುವುದು ಒಂದು ರಬ್ಬರ್ ಸೀಲ್ ಮತ್ತು ಒಂದು ಪುಟ್ಟ ಉಕ್ಕಿನ ಗುಂಡು. ಆ ಗುಂಡಿನ ಕೆಳಗೆ ಕಸದ ಒಂದು ಕಣ ಸಿಕ್ಕಿಕೊಂಡರೂ ಜಾಕ್ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಇಳಿಯತೊಡಗುತ್ತದೆ. ಅಲ್ಲದೆ ಅದರ ತಲೆ ಚಿಕ್ಕದು, ತಳವೂ ಚಿಕ್ಕದು. ಅಡ್ಡ ತಳ್ಳುವಿಕೆಯನ್ನು ಅದು ತಡೆಯಲಾರದು.

ಚೈನ್ ಪುಲ್ಲಿ ಬ್ಲಾಕ್ ಇದಕ್ಕಿಂತ ನಂಬಿಕಸ್ಥ. ಅದರೊಳಗೆ ಘರ್ಷಣೆಯ ಬಿಲ್ಲೆಗಳೂ, ಹಲ್ಲುಚಕ್ರಕ್ಕೆ ತಡೆಯೊಡ್ಡುವ ಒಂದು ನಾಲಿಗೆಯೂ ಇರುತ್ತವೆ. ಭಾರ ಎತ್ತುವಾಗ ಕೇಳುವ ಟಿಕ್ ಟಿಕ್ ಸದ್ದು ಆ ನಾಲಿಗೆಯದು. ಕೈಬಿಟ್ಟರೆ ಭಾರವೇ ಬಿಲ್ಲೆಗಳನ್ನು ಬಿಗಿಹಿಡಿದು ನಿಲ್ಲಿಸುತ್ತದೆ. ಆದರೆ ಈ ಬಿಲ್ಲೆಗಳು ಒಣಗಿರಬೇಕು. ತುಕ್ಕು ಹಿಡಿಯದಿರಲೆಂದು ಬ್ಲಾಕಿನ ಒಳಗೆಲ್ಲ ಎಣ್ಣೆ ಸುರಿಯುವ ಅಭ್ಯಾಸವುಳ್ಳವರು ಅರಿವಿಲ್ಲದೆಯೇ ಅದರ ಬ್ರೇಕನ್ನು ಹಾಳುಮಾಡುತ್ತಾರೆ. ಎಣ್ಣೆ ಸರಪಳಿಗೆ ಮಾತ್ರ, ಬ್ರೇಕಿಗೆ ಸರ್ವಥಾ ಕೂಡದು.

ಆದುದರಿಂದ ಈ ಲಿಫ್ಟ್ ಎರಡು ಭಾಗಗಳಿಂದ ಕೂಡಿದೆ: ಎತ್ತುವುದಕ್ಕೆ ಚೌಕಟ್ಟು ಮತ್ತು ಚೈನ್ ಬ್ಲಾಕ್, ಹೊರುವುದಕ್ಕೆ ಪಿನ್ ಹಾಕಿ ಬಿಗಿಮಾಡುವ ಉಕ್ಕಿನ ಸ್ಟ್ಯಾಂಡುಗಳು. ಹಣ ಸಾಲದಿದ್ದರೆ ಮೊದಲು ಸ್ಟ್ಯಾಂಡುಗಳನ್ನು ಮಾಡಿಸಿ, ಚೌಕಟ್ಟನ್ನು ಮುಂದಿನ ವರ್ಷಕ್ಕೆ ಬಿಡಿ ಎಂಬುದೇ ನಮ್ಮ ಸಲಹೆ. ಇದನ್ನು ತಿರುವುಮುರುವು ಮಾಡಬಾರದು.

ಮರದ ಕೊಂಬೆ, ಶೆಡ್ಡಿನ ತೊಲೆ ಏಕೆ ಬೇಡ?

ಹುಣಸೆಮರದ ಕೊಂಬೆಗೆ ಬ್ಲಾಕ್ ಕಟ್ಟಿ ಎಂಜಿನ್ ಎತ್ತಿದವರು ಇದ್ದಾರೆ, ಏನೂ ಆಗಲಿಲ್ಲವೆಂದು ಹೇಳುವವರೂ ಇದ್ದಾರೆ. ಹಸಿ ಕೊಂಬೆ ಗಟ್ಟಿಯೇ ಇರಬಹುದು. ಆದರೆ ಒಳಗೆ ಹುಳು ಹಿಡಿದಿದೆಯೇ, ಕವಲಿನಲ್ಲಿ ಬಿರುಕಿದೆಯೇ ಎಂಬುದು ಹೊರಗಿನಿಂದ ತಿಳಿಯುವುದಿಲ್ಲ. ನೀಲಗಿರಿ ಕಂಬಗಳ ಮುಕ್ಕಾಲಿಗೂ ಇದೇ ಮಾತು ಅನ್ವಯಿಸುತ್ತದೆ. ನೀಲಗಿರಿ ಒಣಗುವಾಗ ಉದ್ದಕ್ಕೆ ಸೀಳುವ ಜಾತಿ. ಶೆಡ್ಡಿನ ತಗಡು ಹೊರುವ ಕಬ್ಬಿಣದ ತೊಲೆಗಳಂತೂ ತಗಡಿನ ತೂಕಕ್ಕೆ ಮತ್ತು ಗಾಳಿಯ ಒತ್ತಡಕ್ಕೆಂದು ಹಾಕಿದವು. ಅವುಗಳ ನಡುವೆ ಒಂದೇ ಬಿಂದುವಿನಲ್ಲಿ ಅರ್ಧ ಟನ್ ತೂಗುಹಾಕುವುದನ್ನು ಅವುಗಳನ್ನು ಹಾಕಿದವರು ಎಣಿಸಿರಲಿಲ್ಲ.

ಚೌಕಟ್ಟಿನ ರಚನೆ

ಎರಡು ಬದಿಗಳಲ್ಲಿ ಇಂಗ್ಲಿಷಿನ 'ಎ' ಅಕ್ಷರದಂತೆ ಕಾಲು ಅಗಲಿಸಿ ನಿಂತ ಎರಡು ಆಧಾರಗಳು. ಅವುಗಳ ನೆತ್ತಿಯ ಮೇಲೆ ಅಡ್ಡಲಾಗಿ ಮಲಗಿದ ಒಂದು ಉಕ್ಕಿನ ತೊಲೆ. ರಚನೆ ಇಷ್ಟೇ. ಎರಡು ಆಧಾರಗಳ ನಡುವಿನ ಅಂತರ 2 ಮೀಟರ್. ಟಿಲ್ಲರಿನ ಅಗಲ ಒಂದು ಮೀಟರಿಗಿಂತ ಕಡಿಮೆಯಿರುವುದರಿಂದ ಎರಡೂ ಬದಿಗಳಲ್ಲಿ ಒಬ್ಬೊಬ್ಬರು ಕುಳಿತು ಕೆಲಸ ಮಾಡಲು ಸುಮಾರು ಅರ್ಧ ಮೀಟರ್ ಜಾಗ ಉಳಿಯುತ್ತದೆ. ತೊಲೆಯ ಕೆಳಮೈ ನೆಲದಿಂದ 2.3 ಮೀಟರ್ ಎತ್ತರದಲ್ಲಿರಲಿ. ಕ್ಲ್ಯಾಂಪ್, ಬ್ಲಾಕ್ ಮತ್ತು ಪಟ್ಟಿ ಇವು ತಿನ್ನುವ ಎತ್ತರವನ್ನು ಕಳೆದ ಮೇಲೂ ಯಂತ್ರವನ್ನು 40 ಸೆಂ.ಮೀ ಎತ್ತಲು ಇದು ಸಾಕು.

ತೊಲೆಗೆ 2.4 ಮೀಟರ್ ಉದ್ದದ ಐಎಸ್‌ಎಂಬಿ 125, ಅಂದರೆ 125 ಮಿ.ಮೀ ಎತ್ತರದ ಐ-ಬೀಮ್ ಬಳಸಬೇಕು. ಇದರ ತೂಕ ಸುಮಾರು 32 ಕಿ.ಗ್ರಾಂ. ಆಧಾರಗಳ ಮೇಲೆ ಕುಳಿತ ನಂತರ ಎರಡೂ ತುದಿಗಳಲ್ಲಿ 20 ಸೆಂ.ಮೀ ಹೊರಚಾಚಿರುತ್ತದೆ. ಕಾಲುಗಳಿಗೆ 50 ಮಿ.ಮೀ ಒಳವ್ಯಾಸದ ಮೀಡಿಯಂ ದರ್ಜೆಯ ಉಕ್ಕಿನ ಪೈಪು, ತಲಾ 2.4 ಮೀಟರಿನಂತೆ ನಾಲ್ಕು. ಪ್ರತಿ ಬದಿಯ ಎರಡು ಕಾಲುಗಳ ಪಾದಗಳ ನಡುವೆ 1.4 ಮೀಟರ್ ಅಂತರವಿರಲಿ. ಪಾದಗಳು ಅಗಲಕ್ಕೆ ಜಾರಿಹೋಗದಂತೆ ಅವುಗಳನ್ನು 75 ಮಿ.ಮೀ ಚಾನೆಲ್‌ನಿಂದ ಒಂದಕ್ಕೊಂದು ಕಟ್ಟಬೇಕು. ನೆತ್ತಿಯಿಂದ 60 ಸೆಂ.ಮೀ ಕೆಳಗೆ ಇನ್ನೊಂದು ಚಿಕ್ಕ ಅಡ್ಡಪಟ್ಟಿ. ಈ ಪಟ್ಟಿಯಿಂದ ತೊಲೆಗೆ 50 ಮಿ.ಮೀ ಆಂಗಲ್‌ನ ಓರೆಕಟ್ಟು ಕೊಡಬೇಕು. ಆಧಾರದಿಂದ 60 ಸೆಂ.ಮೀ ಒಳಗೆ ತೊಲೆಯನ್ನು ಸೇರುವಂತೆ, ಬದಿಗೊಂದರಂತೆ ಎರಡು. ಈ ಓರೆಕಟ್ಟಿಲ್ಲದ ಚೌಕಟ್ಟು ಭಾರವಿಲ್ಲದಾಗ ನೆಟ್ಟಗೆ ಕಂಡರೂ, ಭಾರ ಬಿದ್ದು ಸ್ವಲ್ಪ ತೂಗಿದರೆ ಇಸ್ಪೀಟಿನ ಮನೆಯಂತೆ ಬದಿಗೆ ಮಡಚಿಕೊಳ್ಳುವ ಸಂಭವವಿರುತ್ತದೆ. ವೆಲ್ಡಿಂಗ್ ಮಾಡುವವರು ಸಾಮಾನ್ಯವಾಗಿ ಉಳಿಸಲು ನೋಡುವ ಕಬ್ಬಿಣ ಇದೇ ಆಗಿರುವುದರಿಂದ ಇಷ್ಟು ಒತ್ತಿ ಹೇಳಬೇಕಾಗಿದೆ.

ಪ್ರತಿ ಕಾಲಿನ ತುದಿಗೆ 200 ಮಿ.ಮೀ ಚೌಕದ, 8 ಮಿ.ಮೀ ದಪ್ಪದ ತಳದ ಪ್ಲೇಟು. ನೆತ್ತಿಯಲ್ಲಿ ಎರಡು ಕಾಲುಗಳು ಕೂಡುವಲ್ಲಿಯೂ 8 ಮಿ.ಮೀ ಪ್ಲೇಟು ಹಾಕಿ, ಅದಕ್ಕೆ ತೊಲೆಯನ್ನು ಬದಿಗೆ ನಾಲ್ಕರಂತೆ 16 ಮಿ.ಮೀ ವ್ಯಾಸದ 8.8 ದರ್ಜೆಯ ಬೋಲ್ಟುಗಳಿಂದ ಬಿಗಿಯಬೇಕು. ಓರೆಕಟ್ಟುಗಳನ್ನೂ ಬೋಲ್ಟಿನಿಂದಲೇ ಕೂಡಿಸಿದರೆ ಕೆಲಸ ಮುಗಿದ ಮೇಲೆ ಮೂರು ತುಂಡುಗಳಾಗಿ ಕಳಚಿ ಗೋಡೆಗೆ ಒರಗಿಸಿಡಬಹುದು. ಪ್ರತಿ ತುಂಡನ್ನೂ ಇಬ್ಬರು ಹೊರಬಹುದು. ಬೋಲ್ಟಿನ ತಲೆಯ ಮೇಲೆ 8.8 ಎಂಬ ಅಚ್ಚು ಇದೆಯೇ ಎಂದು ನೋಡಿಯೇ ಕೊಳ್ಳಬೇಕು.

ಕಬ್ಬಿಣದ ಬೆಲೆ ದಿನದಿನಕ್ಕೂ ಬದಲಾಗುವುದರಿಂದ ಇಲ್ಲಿ ದರ ನಮೂದಿಸಿಲ್ಲ. ತೊಲೆ 32, ಕಾಲುಗಳು 49, ಚಾನೆಲ್ 26, ಓರೆಕಟ್ಟು 8, ಪ್ಲೇಟುಗಳು 20 ಎಂದು ಹಿಡಿದರೆ ಒಟ್ಟು ಸುಮಾರು 135 ಕಿ.ಗ್ರಾಂ ಉಕ್ಕು ಬೇಕಾಗುತ್ತದೆ. ಅಂದಿನ ದರದಿಂದ ಇದನ್ನು ಗುಣಿಸಿ, ಕೂಲಿ ಹಾಗೂ ಬ್ಲಾಕಿನ ಬೆಲೆಯನ್ನು ಸೇರಿಸಿಕೊಂಡರೆ ಅಂದಾಜು ದೊರೆಯುತ್ತದೆ. ಯಶವಂತಪುರ, ಪೀಣ್ಯ ಕಡೆ ಹೋಗಿಬರುವವರಿಗೆ ತುಂಡು ತೊಲೆಗಳು ದೊರೆಯುವುದುಂಟು. ಗುಜರಿ ಅಂಗಡಿಯ ಹಳೆಯ ಬೀಮ್ ಕೊಳ್ಳುವುದಾದರೆ ಅದು ನೆಟ್ಟಗಿರಬೇಕು, ನಡುವೆ ಬೆಸುಗೆ ಹಾಕಿ ಕೂಡಿಸಿದ್ದಾಗಿರಬಾರದು, ಮತ್ತು ಕೆಳಚಾಚಿನಲ್ಲಿ ಗ್ಯಾಸ್ ಕಟ್ಟರ್‌ನಿಂದ ತೂತು ಮಾಡಿದ ಗುರುತು ಇರಬಾರದು.

ಈ ಅಳತೆಗಳು ಹೇಗೆ ಬಂದವು?

ವಿಸ್ತರಣಾ ಕಾರ್ಯಕರ್ತರು ರೈತರ ಪ್ರಶ್ನೆಗೆ ಉತ್ತರಿಸಬೇಕಾಗುವುದರಿಂದ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುವುದು ಸೂಕ್ತ. ಎತ್ತುವ ಭಾರದ ಮಿತಿ 500 ಕಿ.ಗ್ರಾಂ. ಸರಪಳಿ ಜಗ್ಗಿದಾಗ ಆಗುವ ಏಟಿಗಾಗಿ ಇದಕ್ಕೆ ನಾಲ್ಕನೇ ಒಂದು ಭಾಗ ಸೇರಿಸಿದರೆ 625 ಕಿ.ಗ್ರಾಂ, ಅಂದರೆ ಸುಮಾರು 6130 ನ್ಯೂಟನ್ ಬಲ. ತೊಲೆಯ ನಟ್ಟನಡುವೆ ಈ ಬಲ ತೂಗಿದಾಗ ಬಾಗುವ ಪರಿಣಾಮವನ್ನು, ಬಲವನ್ನು ಅಂತರದಿಂದ ಗುಣಿಸಿ ನಾಲ್ಕರಿಂದ ಭಾಗಿಸಿ ಪಡೆಯಬಹುದು. 6130ನ್ನು 2 ಮೀಟರಿನಿಂದ ಗುಣಿಸಿ 4ರಿಂದ ಭಾಗಿಸಿದರೆ 3065 ನ್ಯೂಟನ್-ಮೀಟರ್ ಆಗುತ್ತದೆ. 125 ಮಿ.ಮೀ ಬೀಮಿನ ಛೇದ ಗುಣಾಂಕ ಸುಮಾರು 71 ಘನ ಸೆಂ.ಮೀ. ಆದಕಾರಣ ಉಕ್ಕಿನಲ್ಲಿ ಉಂಟಾಗುವ ಒತ್ತಡ ಪ್ರತಿ ಚದರ ಮಿ.ಮೀಗೆ ಸುಮಾರು 43 ನ್ಯೂಟನ್. ಸಾಮಾನ್ಯ ಉಕ್ಕು ಶಾಶ್ವತವಾಗಿ ಬಾಗತೊಡಗುವುದು 250ರ ಆಸುಪಾಸಿನಲ್ಲಿ. ತೊಲೆ ನಡುವೆ ಇಳಿಯುವುದು ಒಂದು ಮಿ.ಮೀಗಿಂತ ತುಸು ಹೆಚ್ಚು ಮಾತ್ರ.

ಹಾಗಿದ್ದರೆ 100 ಮಿ.ಮೀ ಬೀಮ್ ಸಾಲದೇ ಎಂಬ ಪ್ರಶ್ನೆ ಸಹಜ. ಬಾಗುವಿಕೆಯ ಲೆಕ್ಕವೊಂದನ್ನೇ ನೋಡಿದರೆ ಅದರಲ್ಲಿ ಒತ್ತಡ 84ರಷ್ಟಾಗುತ್ತದೆ, ಸಾಕೆನಿಸುತ್ತದೆ. ಆದರೆ ಅದರ ಚಾಚು ಕಿರಿದು. ಭಾರ ನೇರವಾಗಿ ಕೆಳಗೆ ಎಳೆಯದೆ ಸ್ವಲ್ಪ ಓರೆಯಾಗಿ ಎಳೆದರೆ ಕಿರಿದಾದ ತೊಲೆ ಬಾಗುವ ಮುನ್ನವೇ ಬದಿಗೆ ತಿರುಚಿಕೊಳ್ಳಬಹುದು. ಕೆಲವೇ ಕಿ.ಗ್ರಾಂ ಉಕ್ಕಿನ ಉಳಿತಾಯಕ್ಕಾಗಿ ಈ ಅಂಚಿಗೆ ಹೋಗುವುದು ಜಾಣತನವಲ್ಲ.

ಕಾಲುಗಳ ಕುರಿತು ಹೆಚ್ಚು ಚಿಂತಿಸಬೇಕಾಗಿಲ್ಲ. ಈ ಪೈಪುಗಳು ತಮಗೆ ಬೀಳುವ ಭಾರದ ಹಲವಾರು ಪಟ್ಟು ತಡೆಯಬಲ್ಲವು. ಚಿಂತೆ ಇರಬೇಕಾದುದು ನೆಲದ್ದು. ಒಂದೊಂದು ಕಾಲಿನ ಮೇಲೆ 200ರಿಂದ 250 ಕಿ.ಗ್ರಾಂ ಬೀಳುತ್ತದೆ. ಪೈಪಿನ ಬರಿಯ ತುದಿ ಮಣ್ಣಿಗೆ ತಾಗಿದರೆ ಪ್ರತಿ ಚದರ ಸೆಂ.ಮೀಗೆ 9 ಕಿ.ಗ್ರಾಂನಷ್ಟು ಒತ್ತಡ, ನೆನೆದ ಕೆಮ್ಮಣ್ಣಿನಲ್ಲಿ ಅದು ಗೂಟದಂತೆ ಇಳಿಯುತ್ತದೆ. ತಳದ ಪ್ಲೇಟು ಹಾಕಿದರೆ ಒತ್ತಡ 0.6ಕ್ಕೆ ಇಳಿಯುತ್ತದೆ. ಅದರ ಕೆಳಗೆ ಎರಡಡಿ ಚೌಕದ ಚಪ್ಪಡಿ ಕಲ್ಲು ಹಾಸಿದರೆ 0.1ಕ್ಕಿಂತಲೂ ಕಡಿಮೆ. ನಮ್ಮ ಭಾಗದಲ್ಲಿ ಚಪ್ಪಡಿಗೆ ಕೊರತೆಯಿಲ್ಲ. ನಾಲ್ಕು ಕಲ್ಲುಗಳನ್ನು ಒಮ್ಮೆ ಮಟ್ಟಸವಾಗಿ ಕೂರಿಸಿಬಿಟ್ಟರೆ ಶಾಶ್ವತ ವ್ಯವಸ್ಥೆಯಾಗುತ್ತದೆ. ನಾಲ್ಕೂ ಒಂದೇ ಮಟ್ಟದಲ್ಲಿರುವುದನ್ನು ನೀರು ತುಂಬಿದ ಪಾರದರ್ಶಕ ಪೈಪಿನಿಂದ ಪರೀಕ್ಷಿಸಬಹುದು.

ಇನ್ನೊಂದು ಲೆಕ್ಕ ಬಹುಜನರಿಗೆ ಅಚ್ಚರಿ ತರುತ್ತದೆ. 135 ಕಿ.ಗ್ರಾಂ ತೂಕದ ಈ ಚೌಕಟ್ಟು ಖಾಲಿ ನಿಂತಿರುವಾಗ, ತೊಲೆಯ ಮಟ್ಟದಲ್ಲಿ ಕಾಲುಗಳು ಅಗಲಿರುವ ದಿಕ್ಕಿಗೆ ಕೇವಲ 40 ಕಿ.ಗ್ರಾಂನಷ್ಟು ಅಡ್ಡ ಎಳೆತ ಬಿದ್ದರೆ ಉರುಳುತ್ತದೆ. ಆದಕಾರಣ ದೂರದಲ್ಲಿರುವ ಅಥವಾ ಕೆಸರಿನಲ್ಲಿ ಹೂತ ಯಂತ್ರಕ್ಕೆ ಸರಪಳಿ ಬಿಗಿದು ಓರೆಯಾಗಿ ಎಳೆಯಲು ಇದನ್ನು ಎಂದಿಗೂ ಬಳಸಬಾರದು. ಯಂತ್ರ ತೊಲೆಯ ನೇರ ಕೆಳಗೆ ಬರಬೇಕು, ಸರಪಳಿ ತೂಗುಗುಂಡಿನಂತೆ ನೆಟ್ಟಗಿರಬೇಕು.

ಬೆಸುಗೆ

3.15 ಮಿ.ಮೀ ಗಾತ್ರದ 6013 ರಾಡ್ ಸಾಕು, ಆದರೆ ಅದು ಒಣಗಿರಬೇಕು. ಮಳೆಗಾಲದಲ್ಲಿ ತೆರೆದಿಟ್ಟ ಪೊಟ್ಟಣದ ರಾಡುಗಳು ತೇವ ಹೀರಿ ಬೆಸುಗೆಯಲ್ಲಿ ಗುಳ್ಳೆ ಬರಿಸುತ್ತವೆ. ಬಣ್ಣ, ತುಕ್ಕು, ಜಿಡ್ಡನ್ನು ಉಜ್ಜಿ ಹೊಳೆಯುವ ಲೋಹ ಕಂಡ ಮೇಲೆ ಬೆಸೆಯಬೇಕು. ಪೈಪಿಗೂ ಪ್ಲೇಟಿಗೂ ಸುತ್ತಲೂ ಬೆಸುಗೆ ಬರಬೇಕು. ನಾಲ್ಕು ಕಡೆ ಚುಕ್ಕೆ ಇಟ್ಟು ಬಣ್ಣ ಬಳಿದರೆ ನೋಡಲು ಒಂದೇ ಆದರೂ ಬಲದಲ್ಲಿ ಒಂದೇ ಅಲ್ಲ. ಗಸಿಯನ್ನು ಸುತ್ತಿಗೆಯಿಂದ ತಟ್ಟಿ ಉದುರಿಸಿ, ಹಗಲಿನ ಬೆಳಕಿನಲ್ಲಿ ಪ್ರತಿ ಬೆಸುಗೆಯನ್ನೂ ನೋಡಿ, ಆಮೇಲೆಯೇ ಬಣ್ಣ ಬಳಿಯಲು ಒಪ್ಪಿಗೆ ಕೊಡಿ.

ಸ್ಟ್ಯಾಂಡುಗಳು

ಪ್ರಾಣ ನಿಂತಿರುವುದು ಇವುಗಳ ಮೇಲೆ. ಕನಿಷ್ಠ ಮೂರು ಬೇಕು: ಆಕ್ಸಲ್ಲಿನ ಎರಡು ಬದಿಗೆ ಎರಡು, ಎಂಜಿನ್ ಕಡೆಗೆ ಒಂದು.

ಕಾಲುಗಳಿಗೆ ತಂದ 50 ಮಿ.ಮೀ ಪೈಪಿನ ತುಂಡನ್ನೇ ಹೊರಪೈಪಾಗಿ, 40 ಮಿ.ಮೀ ಪೈಪನ್ನು ಒಳಪೈಪಾಗಿ ಬಳಸಬಹುದು. ಹೊರಪೈಪನ್ನು 30 ಸೆಂ.ಮೀ ಚೌಕದ 6 ಮಿ.ಮೀ ಪ್ಲೇಟಿನ ಮೇಲೆ ನಿಲ್ಲಿಸಿ, ನಾಲ್ಕು ಕಡೆ ತ್ರಿಕೋನದ ಆಸರೆ ಪಟ್ಟಿ ಬೆಸೆಯಬೇಕು. ಒಳಪೈಪಿಗೆ 5 ಸೆಂ.ಮೀಗೆ ಒಂದರಂತೆ ಆರಪಾರ 17 ಮಿ.ಮೀ ರಂಧ್ರಗಳು. ಒಳಪೈಪಿನ ತಲೆಗೆ, ಆಕ್ಸಲ್ ಉರುಳದಂತೆ ಹಿಡಿಯುವ ತೊಟ್ಟಿಲಿನಾಕಾರದ ಒಂದು ತುಂಡು. ಎತ್ತರ 35ರಿಂದ 55 ಸೆಂ.ಮೀವರೆಗೆ ಹೊಂದಿಸುವಂತಿದ್ದರೆ ಎಲ್ಲ ಕೆಲಸಕ್ಕೂ ಒದಗುತ್ತದೆ.

ಪಿನ್ 16 ಮಿ.ಮೀ ಉಕ್ಕಿನದಾಗಿರಬೇಕು, ತುದಿಯಲ್ಲಿ ಕ್ಲಿಪ್ ಇರಬೇಕು. ಪಿನ್ ಎರಡು ಕಡೆ ಕತ್ತರಿಸಿದರೆ ಮಾತ್ರ ಸ್ಟ್ಯಾಂಡ್ ಕುಸಿಯುವುದರಿಂದ ಅದರ ಸಾಮರ್ಥ್ಯ ಮೂರು ಟನ್ನಿಗೂ ಮಿಗಿಲು. ನಿಜವಾಗಿ ದುರ್ಬಲ ಜಾಗವೆಂದರೆ ಒಳಪೈಪಿನ ರಂಧ್ರದ ಅಂಚು. ಅಲ್ಲಿಯೂ ಒಂದೂವರೆ ಟನ್ನಿಗೆ ಕೊರತೆಯಿಲ್ಲ. ನಮ್ಮ ಅಗತ್ಯ ಒಂದು ಸ್ಟ್ಯಾಂಡಿಗೆ ಸುಮಾರು 250 ಕಿ.ಗ್ರಾಂ. ಈ ಎಲ್ಲ ಸಾಮರ್ಥ್ಯವೂ ಪಿನ್ ಕಳೆದುಹೋದ ದಿನ ಅದರ ಜಾಗಕ್ಕೆ ಮೊಳೆಯನ್ನೋ ಸ್ಕ್ರೂಡ್ರೈವರನ್ನೋ ತೂರಿಸಿದಾಗ ಇಲ್ಲವಾಗುತ್ತದೆ. ಪಿನ್ನನ್ನು ಚಿಕ್ಕ ಸರಪಳಿಯಿಂದ ಸ್ಟ್ಯಾಂಡಿಗೇ ಕಟ್ಟಿಹಾಕಿದರೆ ಆ ದಿನ ಬರುವುದಿಲ್ಲ.

ಟ್ರ್ಯಾಕ್ಟರ್ ಇರುವವರಿಗೂ ಈ ಸ್ಟ್ಯಾಂಡುಗಳು ಉಪಯುಕ್ತ. ಹೈಡ್ರಾಲಿಕ್ ತೋಳಿನಿಂದ ರೋಟವೇಟರ್ ಎತ್ತಿ ಹಿಡಿದು, ಅದರ ಕೆಳಗೆ ಕೈಹಾಕಿ ಬ್ಲೇಡು ಬದಲಿಸುವವರು ಎಂಜಿನ್ ನಿಂತಿದ್ದರೆ ಅಪಾಯವಿಲ್ಲವೆಂದು ಭಾವಿಸುತ್ತಾರೆ. ಮಗುವೊಂದು ಏರಿ ಲಿವರ್ ಮುಟ್ಟಿದರೂ, ಮೆದುಗೊಳವೆ ಸೀಳಿದರೂ ರೋಟವೇಟರ್ ಕೆಳಗಿಳಿಯುತ್ತದೆ. ಸ್ಟ್ಯಾಂಡ್ ಕೊಟ್ಟು, ಅದರ ಮೇಲೆ ಇಳಿಸಿ, ಆಮೇಲೆ ಕೈಹಾಕಬೇಕು. ಆದರೆ ಇಡೀ ಟ್ರ್ಯಾಕ್ಟರನ್ನು, ಅದು ಮಿನಿ ಟ್ರ್ಯಾಕ್ಟರ್ ಆದರೂ ಸರಿ, ಈ ಚೌಕಟ್ಟಿನಿಂದ ಎತ್ತಬಾರದು. ಅದರ ತೂಕ 500 ಕಿ.ಗ್ರಾಂ ಮಿತಿಯನ್ನು ಮೀರುತ್ತದೆ.

ಕೊಳ್ಳಬೇಕಾದವು

ಒಂದು ಟನ್ ಸಾಮರ್ಥ್ಯದ ಚೈನ್ ಪುಲ್ಲಿ ಬ್ಲಾಕ್, ಅದೇ ಸಾಮರ್ಥ್ಯದ ಬೀಮ್ ಕ್ಲ್ಯಾಂಪ್, ಮತ್ತು ಪಾಲಿಯೆಸ್ಟರ್ ಪಟ್ಟಿಗಳು ಎರಡು. ಇವನ್ನು ಮಾತ್ರ ಮನೆಯಲ್ಲಿ ತಯಾರಿಸಲು ಹೋಗಬೇಡಿ. ಬ್ಲಾಕಿನ ಮೇಲೆ ಸಾಮರ್ಥ್ಯದ ಅಚ್ಚು ಮತ್ತು ಐಎಸ್ 3832 ಮಾನಕದ ಗುರುತನ್ನು ನೋಡಿ ಕೊಳ್ಳಿ. ಪಟ್ಟಿಗಳ ಬಣ್ಣವೇ ಅವುಗಳ ಸಾಮರ್ಥ್ಯವನ್ನು ಸೂಚಿಸುತ್ತದೆ: ನೇರಳೆ ಒಂದು ಟನ್, ಹಸಿರು ಎರಡು ಟನ್. ಹೊಲಿಗೆಯೊಳಗಿನ ಚೀಟಿ ಹರಿದುಹೋದ, ಅಂಚು ಕತ್ತರಿಸಿದ, ಬ್ಯಾಟರಿ ಆಮ್ಲ ತಾಗಿದ ಪಟ್ಟಿಗಳನ್ನು ಹುಲ್ಲು ಕಟ್ಟಲು ಬಳಸಿಕೊಳ್ಳಬಹುದು, ಭಾರ ಎತ್ತಲು ಅಲ್ಲ. ಬಾವಿಯ ಹಗ್ಗ, ಹಳೆಯ ಕ್ಲಚ್ ಕೇಬಲ್, ದನ ಕಟ್ಟುವ ಸರಪಳಿ ಇವು ಯಾವುವೂ ಸಲ್ಲವು.

ಎರಡು ಪಟ್ಟಿಗಳು ಕೊಕ್ಕೆಯಲ್ಲಿ ಕೂಡುವಾಗ ಅವುಗಳ ನಡುವಿನ ಕೋನ ಕಿರಿದಾಗಿರಬೇಕು. ಕೋನ 60 ಡಿಗ್ರಿ ಇದ್ದರೆ ಪ್ರತಿ ಪಟ್ಟಿಯ ಮೇಲೆ ಒಟ್ಟು ಭಾರದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಬೀಳುತ್ತದೆ. ಪಟ್ಟಿ ಗಿಡ್ಡವಾಗಿ ಕೋನ 120 ಡಿಗ್ರಿಗೆ ಅಗಲಿದರೆ ಒಂದೊಂದು ಪಟ್ಟಿಯೂ ಪೂರ್ತಿ ಭಾರವನ್ನೇ ಹೊರಬೇಕಾಗುತ್ತದೆ, ಎರಡು ಪಟ್ಟಿ ಹಾಕಿದ ಪ್ರಯೋಜನವೇ ಇಲ್ಲವಾಗುತ್ತದೆ.

ಮೊದಲ ಪರೀಕ್ಷೆ

ಚೌಕಟ್ಟು ಸಿದ್ಧವಾದ ದಿನವೇ ಟಿಲ್ಲರ್ ಎತ್ತುವ ಉತ್ಸಾಹ ಬೇಡ. ಮೊದಲು ಮೂಟೆಗಳಿಂದ ಪರೀಕ್ಷೆ. ಗಟ್ಟಿಯಾದ ಒಂದು ಹಲಗೆಚೌಕದ ಮೇಲೆ 50 ಕಿ.ಗ್ರಾಂನ 12 ಸಿಮೆಂಟ್ ಅಥವಾ ಮರಳಿನ ಮೂಟೆ ಹೇರಿದರೆ ಹಲಗೆಯ ತೂಕವೂ ಸೇರಿ 625 ಕಿ.ಗ್ರಾಂ ಹತ್ತಿರ ಬರುತ್ತದೆ. ತೊಲೆಯ ಎರಡು ತುದಿಗಳ ನಡುವೆ ಬಿಗಿಯಾಗಿ ದಾರ ಕಟ್ಟಿ, ನಡುವೆ ದಾರಕ್ಕೂ ತೊಲೆಗೂ ಇರುವ ಅಂತರವನ್ನು ಬರೆದಿಟ್ಟುಕೊಳ್ಳಿ. ಮೂಟೆಗಳನ್ನು ನೆಲದಿಂದ 10 ಸೆಂ.ಮೀ ಮಾತ್ರ ಎತ್ತಿ, ಎಲ್ಲರೂ ದೂರ ಸರಿದು ಅರ್ಧ ಗಂಟೆ ಬಿಡಿ. ಇಳಿಸಿದ ಮೇಲೆ ದಾರದ ಅಂತರ ಮೊದಲಿನಷ್ಟೇ ಬರಬೇಕು. ಬರದಿದ್ದರೆ ತೊಲೆ ಶಾಶ್ವತವಾಗಿ ಬಾಗಿದೆಯೆಂದರ್ಥ. ಆ ಚೌಕಟ್ಟನ್ನು ಬಳಸತಕ್ಕದ್ದಲ್ಲ. ಬೆಸುಗೆಗಳ ಅಂಚಿನಲ್ಲಿ ಬಣ್ಣ ಕೂದಲೆಳೆಯಷ್ಟು ಬಿರಿದಿದ್ದರೂ ಕೆರೆದು ನೋಡಬೇಕು. ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆ ತೊಲೆಯ ಎರಡೂ ಮಗ್ಗುಲಿಗೆ '500 ಕಿ.ಗ್ರಾಂ ಮಾತ್ರ' ಎಂದು ದಪ್ಪಕ್ಷರದಲ್ಲಿ ಬರೆಸಿ. ಮುಂದೆ ಎರವಲು ಕೇಳಲು ಬರುವವರೊಂದಿಗಿನ ಅರ್ಧ ವಾದ ಇದರಿಂದ ಉಳಿಯುತ್ತದೆ.

ಎತ್ತುವ ಕ್ರಮ

ಎಂಜಿನ್ ನಿಲ್ಲಿಸಿ, ತಣ್ಣಗಾದ ಮೇಲೆ ಡೀಸೆಲ್ ನಲ್ಲಿ ಮುಚ್ಚಿ. ಬ್ಯಾಟರಿ ಇದ್ದರೆ ತಂತಿ ಕಳಚಿ. ರೋಟರಿಗೆ ಅಂಟಿದ ಮಣ್ಣನ್ನು ಮೊದಲೇ ಕೆರೆದುಹಾಕಿ. ಒದ್ದೆ ಮಣ್ಣು ತೂಕ ಹೆಚ್ಚಿಸುವುದಲ್ಲದೆ ಎತ್ತಿದ ಮೇಲೆ ಹೆಂಟೆಯಾಗಿ ಮುಖದ ಮೇಲೆ ಬೀಳುತ್ತದೆ.

ಪಟ್ಟಿಯನ್ನು ತಯಾರಕರ ಕೈಪಿಡಿ ಸೂಚಿಸುವ ಜಾಗಕ್ಕೆ, ಅದು ಲಭ್ಯವಿಲ್ಲದಿದ್ದರೆ ಚಾಸಿಸ್ ಮತ್ತು ಆಕ್ಸಲ್ ಕವಚದಂತಹ ಗಟ್ಟಿ ಭಾಗಗಳಿಗೆ ಸುತ್ತಬೇಕು. ಹ್ಯಾಂಡಲ್, ಸೈಲೆನ್ಸರ್, ಬೆಲ್ಟ್ ಕವರ್ ಇವಕ್ಕೆ ಕೂಡದು. ಚೂಪಾದ ಅಂಚು ತಾಗುವಲ್ಲಿ ಹಳೆಯ ಟ್ಯೂಬಿನ ತುಂಡು ಇಡಿ. ಮೊದಲು 5 ಸೆಂ.ಮೀ ಮಾತ್ರ ಎತ್ತಿ ನಿಲ್ಲಿಸಿ ನೋಡಿ. ಯಂತ್ರ ಮುಂದಕ್ಕೋ ಹಿಂದಕ್ಕೋ ವಾಲಿದರೆ, ಕೈಯಿಂದ ಒತ್ತಿಹಿಡಿದು ಸರಿಪಡಿಸಬಾರದು; ಇಳಿಸಿ, ವಾಲಿದ ಕಡೆಗೆ ಪಟ್ಟಿಯನ್ನು ಸರಿಸಿ, ಮತ್ತೆ ಎತ್ತಬೇಕು. ಎರಡು ಮೂರು ಪ್ರಯತ್ನದಲ್ಲಿ ಸಮತೋಲದ ಜಾಗ ಸಿಗುತ್ತದೆ. ಅಲ್ಲಿ ಚಾಸಿಸ್ಸಿನ ಮೇಲೆ ಬಣ್ಣದ ಗುರುತು ಹಾಕಿಟ್ಟರೆ ಮುಂದಿನ ಸಲ ಈ ಶ್ರಮವಿಲ್ಲ. ಯಂತ್ರ ಅತಿಯಾಗಿ ವಾಲಿದರೆ ಎಂಜಿನ್ ಆಯಿಲ್ ಸಿಲಿಂಡರ್ ಕಡೆಗೆ, ಏರ್ ಕ್ಲೀನರಿನ ಎಣ್ಣೆ ಒಳಗಾಳಿಯ ದಾರಿಗೆ ಹರಿಯುವ ಭಯವೂ ಇದೆ.

ಬೇಕಾದ ಎತ್ತರಕ್ಕೆ ಬಂದೊಡನೆ ಸ್ಟ್ಯಾಂಡುಗಳನ್ನು ಪಕ್ಕದಿಂದ ತಳ್ಳಿ ಇಟ್ಟು, ಪಿನ್ ಮತ್ತು ಕ್ಲಿಪ್ ಹಾಕಿ, ಯಂತ್ರವನ್ನು ಅವುಗಳ ಮೇಲೆ ಇಳಿಸಬೇಕು. ತೂಕವೆಲ್ಲ ಸ್ಟ್ಯಾಂಡಿನ ಮೇಲೆ ಕುಳಿತು ಪಟ್ಟಿ ಸಡಿಲವಾದುದನ್ನು ಕಣ್ಣಾರೆ ಕಂಡ ಮೇಲೆ, ಸರಪಳಿಯನ್ನು ಪಟ್ಟಿಯ ಸಡಿಲು ಹೋಗುವಷ್ಟು ಮಾತ್ರ ಮತ್ತೆ ಎಳೆದು ಹಾಗೆಯೇ ಬಿಡಿ. ಈಗ ಭಾರ ಹೊತ್ತಿರುವುದು ಸ್ಟ್ಯಾಂಡು. ಸರಪಳಿ ಇರುವುದು ಸ್ಟ್ಯಾಂಡು ಜಾರಿದರೆ ತಡೆಯಲು. ಯಂತ್ರವನ್ನು ಹ್ಯಾಂಡಲ್ ಹಿಡಿದು ಒಮ್ಮೆ ಜೋರಾಗಿ ಅಲುಗಿಸಿ ನೋಡಿ. ಅದು ಅಲುಗುವುದಾದರೆ ನೀವು ಕೆಳಗೆ ಹೋಗುವ ಮೊದಲೇ ಅಲುಗಲಿ.

ಇಲ್ಲೊಂದು ಎಚ್ಚರಿಕೆ ಪ್ರತ್ಯೇಕವಾಗಿ ಹೇಳಬೇಕಾದದ್ದು. ಕೆಲಸದ ನಡುವೆ ರೋಟರಿಯನ್ನೇ ಪೂರ್ತಿ ಕಳಚಬೇಕಾಗಿ ಬಂದರೆ ಯಂತ್ರದ ಸಮತೋಲವೇ ಬದಲಾಗುತ್ತದೆ. ಹಿಂಭಾಗದ ತೂಕ ಹೋದೊಡನೆ ಎಂಜಿನ್ ಇರುವ ಮುಂಭಾಗ ಕೆಳಕ್ಕೆ ತೊನೆಯುತ್ತದೆ. ಮೂರನೆಯ ಸ್ಟ್ಯಾಂಡ್ ಮುಂದೆ ಇರಬೇಕೆಂದು ಹೇಳಿದ್ದು ಇದಕ್ಕಾಗಿ. ಎರಡೇ ಸ್ಟ್ಯಾಂಡಿನಿಂದ ಕೆಲಸ ಸಾಗುತ್ತಿದೆಯೆಂದು ಅದನ್ನು ಬಿಡುವವರು ಕೊನೆಯ ಬೋಲ್ಟ್ ಕಳಚುವ ಕ್ಷಣದವರೆಗೂ ಸರಿಯಾಗಿಯೇ ಇರುತ್ತಾರೆ.

ಭಾರ ತೂಗುತ್ತಿರುವಾಗ ಚೌಕಟ್ಟನ್ನು ಸರಿಸಬಾರದು. ಈ ಕಾರಣದಿಂದಲೇ ವಿನ್ಯಾಸದಲ್ಲಿ ಗಾಲಿಗಳನ್ನು ಸೇರಿಸಿಲ್ಲ. ಖಾಲಿ ಚೌಕಟ್ಟನ್ನು ನಿಲ್ಲಿಸಿಕೊಂಡೇ ಅಂಗಳದಲ್ಲಿ ಒಯ್ಯುವಾಗ ತಲೆಯ ಮೇಲೆ ಪಂಪ್‌ಸೆಟ್ಟಿನ ವಿದ್ಯುತ್ ತಂತಿ ಜೋತುಬಿದ್ದಿದೆಯೇ ಎಂದು ನೋಡಬೇಕು.

ಯಾರು ನಿರ್ಮಿಸಬೇಕು?

ಒಂದೇ ಟಿಲ್ಲರ್ ಇರುವ ಕುಟುಂಬಕ್ಕೆ ವರ್ಷದಲ್ಲಿ ಮೂರು ನಾಲ್ಕು ಬಾರಿ ಮಾತ್ರ ಈ ಚೌಕಟ್ಟಿನ ಅಗತ್ಯ ಬೀಳುತ್ತದೆ. ಆದುದರಿಂದ ಸ್ಟ್ಯಾಂಡುಗಳು ಮನೆಮನೆಗೆ, ಚೌಕಟ್ಟು ಊರಿಗೊಂದು ಎಂಬ ಏರ್ಪಾಡು ಸಮಂಜಸ. ಹಾಲು ಉತ್ಪಾದಕರ ಸಂಘದ ಆವರಣ, ರೈತ ಉತ್ಪಾದಕ ಸಂಸ್ಥೆಯ ಗೋದಾಮು, ಅಥವಾ 2014-15ರಿಂದ ರಾಜ್ಯದಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳು ಇದಕ್ಕೆ ತಕ್ಕ ಜಾಗಗಳು. ವಿಸ್ತರಣಾ ಕಾರ್ಯಕರ್ತರು ಯಂತ್ರ ನಿರ್ವಹಣೆಯ ತರಬೇತಿ ಏರ್ಪಡಿಸುವಾಗ ಈ ಚೌಕಟ್ಟಿನ ಬಳಿಯೇ ಬ್ಲೇಡು ಬದಲಿಸುವ ಪ್ರಾತ್ಯಕ್ಷಿಕೆ ಇಟ್ಟುಕೊಂಡರೆ, ಎತ್ತುವ ಕ್ರಮವೂ ಅದರೊಂದಿಗೇ ರೂಢಿಯಾಗುತ್ತದೆ. ಆ ದಿನ ಊರಿನ ವೆಲ್ಡಿಂಗ್ ಅಂಗಡಿಯವರನ್ನೂ ಕರೆಯುವುದನ್ನು ಮರೆಯಬಾರದು. ನಾವು ಕಾಗದದಲ್ಲಿ ಬರೆದ ಓರೆಕಟ್ಟು ಕಬ್ಬಿಣವಾಗುವುದು ಅವರ ಕೈಯಲ್ಲಿ.

ಹಂಚಿಕೊಂಡ ಸಾಧನಕ್ಕೆ ಒಬ್ಬರು ಹೊಣೆಗಾರರಿರಬೇಕು. ಬ್ಲಾಕ್ ಹೊಸದಿರುವಾಗಲೇ ಅದರ ಕೊಕ್ಕೆಯ ಬಾಯಿಯ ಎರಡು ಬದಿಗೆ ಪಂಚಿನಿಂದ ಚಿಕ್ಕ ಚುಕ್ಕೆ ಗುರುತು ಮಾಡಿ, ಚುಕ್ಕೆಗಳ ನಡುವಿನ ಅಳತೆಯನ್ನು ಗೋಡೆಯ ಮೇಲೆ ಬರೆದಿಡಿ. ಕೊಕ್ಕೆಯ ನಾಲಿಗೆಯ ಸ್ಪ್ರಿಂಗ್ ಮುಚ್ಚಿಕೊಳ್ಳುತ್ತಿದೆಯೇ, ಸರಪಳಿಯ ಯಾವ ಕೊಂಡಿಯಾದರೂ ಸವೆದಿದೆಯೇ ಎಂಬುದನ್ನು ಪ್ರತಿ ಬಳಕೆಗೂ ಮೊದಲು ನೋಡಬೇಕು. ಬಿತ್ತನೆಗೆ ಮುನ್ನ ಮತ್ತು ಸುಗ್ಗಿಯ ನಂತರ, ವರ್ಷಕ್ಕೆರಡು ಸಲ, ಕೊಕ್ಕೆಯ ಚುಕ್ಕೆಗಳ ಅಂತರವನ್ನು ಅಳೆಯಬೇಕು. ಅಳತೆ ಹಿಗ್ಗಿದ್ದರೆ ಯಾರೋ ಮಿತಿ ಮೀರಿ ಎತ್ತಿದ್ದಾರೆಂದು ತಿಳಿಯಬೇಕು. ಅಂತಹ ಕೊಕ್ಕೆಯನ್ನು ಕಾಯಿಸಿ ಬಡಿದು ಸರಿಮಾಡಿಸದೆ, ತಯಾರಕರಿಂದ ಹೊಸದನ್ನೇ ತರಿಸಿ ಹಾಕತಕ್ಕದ್ದು.